ಮರದ ಹಾವು, ಹಳದಿ ಬುಗುರಿ

ನಮ್ಮ ಮನೆಯವರು ಮರ ಕಡೆಯುವವರು. ಕುರ್ಚಿಯ ಕಾಲು, ತೊಟ್ಟಿಲಿನ ಕಂಬಿ, ಮೆಟ್ಟಿಲಿನ ಕಟಕಟೆ, ಲಟ್ಟಣಿಗೆ, ಚದುರಂಗದ ಕಾಯಿ, ಹೀಗೆ ಲೇತಿನ ಮೇಲೆ ತಿರುಗುವ ಯಾವ ಮರವೇ ಆಗಲಿ, ಅವರು ಹೇಳಿದಂತೆ ಕೇಳುತ್ತದೆ. ಅವರ ಮಾತು ಕೇಳದಿರುವುದು ಈ ಲೋಕದಲ್ಲಿ ಎರಡೇ. ಒಂದು ನಾನು, ಇನ್ನೊಂದು ಗಾಲ್ಫ್ ಚೆಂಡು. ನನ್ನ ಜೊತೆ ಅವರು ಎಂದೋ ರಾಜಿಯಾಗಿದ್ದಾರೆ. ಚೆಂಡಿನ ಜೊತೆ ರಾಜಿಯಾಗಲು ಮಾತ್ರ ವಯಸ್ಸು ಎಪ್ಪತ್ತರ ಹತ್ತಿರ ಬರಬೇಕಾಯಿತು. ಆ ಕಥೆಯನ್ನೇ ಈಗ ಹೇಳಹೊರಟಿದ್ದೇನೆ. ಅವರ ಕಿವಿಗೆ ಬಿದ್ದರೆ ಇದರಲ್ಲಿ ಅರ್ಧ ಸುಳ್ಳು ಅನ್ನುತ್ತಾರೆ, ನೀವು ನಂಬಬೇಡಿ.

ಊರಿನಲ್ಲಿ ಅವರಿಗೆ ಬುಗುರಿ ಮೇಸ್ತ್ರಿ ಎಂದೇ ಹೆಸರು. ಮಕ್ಕಳ ಬುಗುರಿ ಕಡೆದು ಬಂದ ಹೆಸರಲ್ಲ ಅದು. ರೈಲು ಹಳಿಗೂ ನೀರಿನ ಟ್ಯಾಂಕಿಗೂ ನಡುವೆ ಒಂದು ಪುಟ್ಟ ಗಾಲ್ಫ್ ಮೈದಾನವಿದೆ. ಒಂಬತ್ತೇ ಕುಳಿ. ಕೋಟು ಹಾಕಿಕೊಂಡವರ ಕ್ಲಬ್ಬಲ್ಲ, ಊರಿನವರದು; ಬೂಟಿನ ಕೆಸರು ಒರೆಸಿಕೊಂಡು ಬಂದರೆ ಯಾರು ಬೇಕಾದರೂ ಆಡಬಹುದು. ಅಲ್ಲಿನ ಕುರ್ಚಿಗಳ ಕಾಲು ಅಲುಗಾಡುತ್ತಿವೆ, ಬಂದು ಸರಿಮಾಡಿಕೊಡಿ ಎಂದು ಇವರನ್ನು ಕರೆದರು. ನಮ್ಮ ಮಗಳು ಆಗಿನ್ನೂ ಅಂಬೆಗಾಲಿಡುತ್ತಿದ್ದಳು. ಕುರ್ಚಿ ಸರಿಮಾಡುತ್ತ ಕೂತವರ ಕಣ್ಣಿಗೆ ಮೈದಾನದಲ್ಲಿ ಉರುಳಾಡುತ್ತಿದ್ದ ಹಳೇ ಬಣ್ಣದ ಡಬ್ಬಿಗಳು ಬಿದ್ದವು. ಅವೇನು ಎಂದು ಹುಲ್ಲು ನೋಡಿಕೊಳ್ಳುವವರನ್ನು ಕೇಳಿದರಂತೆ. ಆಟ ಶುರುಮಾಡುವ ಜಾಗಕ್ಕೆ ಟೀ ಅನ್ನುತ್ತಾರೆ, ಅಲ್ಲಿ ಎರಡೆರಡು ಗುರುತು ಇಟ್ಟಿರುತ್ತಾರೆ, ಆ ಎರಡರ ನಡುವೆ ಚೆಂಡಿಟ್ಟು ಹೊಡೆಯಬೇಕು, ಆದರೆ ಗಾಳಿ ಬಂದಾಗಲೆಲ್ಲ ಈ ಡಬ್ಬಿಗಳು ಓಡಿಹೋಗುತ್ತವೆ ಎಂದರು ಅವರು. ಓಡಿಹೋಗದಂಥ ಗುರುತು ನಾನು ಮಾಡಿಕೊಡುತ್ತೇನೆ ಎಂದು ಇವರು ಒಪ್ಪಿಕೊಂಡು ಬಂದರು.

ಮಾಡಿದ್ದು ಬುಗುರಿಯ ಆಕಾರ. ದುಂಡನೆಯ ತಲೆ, ಕೆಳಗೆ ಉದ್ದನೆಯ ಮೊಳೆ. ನೆಲಕ್ಕೆ ಒತ್ತಿದರೆ ಗಟ್ಟಿಯಾಗಿ ಕೂರುತ್ತದೆ. ಒಂದೊಂದು ಟೀಗೂ ಮೂರು ಬಣ್ಣದ ಮೂರು ಜೊತೆ. ಎಲ್ಲಕ್ಕಿಂತ ಹಿಂದೆ ನೀಲಿ, ನಡುವೆ ಬಿಳಿ, ಮುಂದೆ ಹಳದಿ. ನೀಲಿಯಿಂದ ಹೊಡೆದರೆ ದೂರ ಜಾಸ್ತಿ, ಹಳದಿಯಿಂದ ಕಮ್ಮಿ. ಯಾರಿಗೆ ಎಷ್ಟು ದೂರ ಹೊಡೆಯಲು ಬರುತ್ತದೋ ಅವರು ಆ ಬಣ್ಣ ಹಿಡಿದರಾಯಿತು, ಅಷ್ಟೇ ಅದರ ಲೆಕ್ಕ. ಆದರೆ ನಮ್ಮವರು ಅದಕ್ಕೊಂದು ಜಾತಿ ಕಟ್ಟಿಬಿಟ್ಟರು. ನೀಲಿ ಬುಗುರಿಗೆ ವರ್ಷಗಟ್ಟಲೆ ಒಣಗಿದ, ಎಳೆ ಬಿಗಿಯಾದ ಒಳ್ಳೇ ಮರ. ಬಿಳಿಗೆ ಅದರ ಮಿಕ್ಕದ್ದು. ಹಳದಿಗೆ ಯಾವುದೋ ಸಾಮಾನಿನ ಪೆಟ್ಟಿಗೆ ಒಡೆದ ಚೂರು. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ, ಹಳದಿಯಿಂದ ಆಡುವವರು ಹೆಂಗಸರು ಮುದುಕರು ತಾನೇ, ಇಷ್ಟು ಸಾಕು ಎಂದರು. ಆಗ ನನಗೆ ಗಾಲ್ಫಿನ ತಲೆಬುಡ ಗೊತ್ತಿರಲಿಲ್ಲ, ಸುಮ್ಮನಾದೆ.

ಬುಗುರಿ ನೆಡಲು ಹೋದ ದಿನ ಯಾರೋ ಕೈಗೊಂದು ಕೋಲು ಕೊಟ್ಟು, ನೀವೂ ಒಂದು ಹೊಡೆದು ನೋಡಿ ಅಂದರಂತೆ. ಮೊದಲ ಏಟಿಗೆ ಹುಲ್ಲು ಹಾರಿತು. ಎರಡನೆಯದಕ್ಕೆ ಚೆಂಡು ಹಾರಿ ಮಾಯವಾಯಿತು. ಅವತ್ತು ಮನೆಗೆ ಬಂದವರು ನೆಲದ ಮೇಲೆ ಕಾಲಿಟ್ಟು ನಡೆಯಲಿಲ್ಲ. ಊಟದ ತಟ್ಟೆಯ ಮುಂದೆ ಕೂತು ಚಮಚವನ್ನು ಎರಡೂ ಕೈಯಲ್ಲಿ ಹಿಡಿದು ಹೀಗೆ ಹೊಡೆದೆ, ಹಾಗೆ ಹೋಯಿತು ಎಂದು ತೋರಿಸಿದ್ದೇ ತೋರಿಸಿದ್ದು. ಎರಡು ದಿನಕ್ಕೆ ಬಿಡುತ್ತದೆ ಈ ಹುಚ್ಚು ಅಂದುಕೊಂಡೆ. ಮಗಳು ಓದಿ, ಕೆಲಸ ಕಲಿತು, ಅಪ್ಪನ ಅಂಗಡಿಯನ್ನೇ ವಹಿಸಿಕೊಂಡಳು. ಹುಚ್ಚು ಬಿಡಲಿಲ್ಲ.

ಗುರುವಾರ ಮಧ್ಯಾಹ್ನ ಅವರ ಆಟ. ನಾಲ್ಕು ಜನ. ನಮ್ಮವರು, ಮೂಲೆ ಅಂಗಡಿಯ ಬೇಕರಿಯವರು, ಬಸ್ಸು ಓಡಿಸಿ ನಿವೃತ್ತರಾದ ಡ್ರೈವರು, ಮತ್ತು ನಮ್ಮ ಬೀದಿಯ ಕೊನೆಯಲ್ಲಿರುವ ಹಲ್ಲಿನ ಡಾಕ್ಟರಮ್ಮ. ಬರೀ ಗಾಲ್ಫ್ ಆಡಿದರೆ ಇವರಿಗೆ ತಿಂದ ಅನ್ನ ಜೀರ್ಣವಾಗದು, ಅದರೊಳಗೆ ಇನ್ನೊಂದು ಆಟ ಬೇಕು. ಒಂದು ವಾರ ತೋಳದಾಟ: ಸರದಿಯಂತೆ ಒಬ್ಬರು ತೋಳ, ಉಳಿದವರ ಹೊಡೆತ ನೋಡಿ ಒಬ್ಬರನ್ನು ತನ್ನ ಜೊತೆಗೆ ಆರಿಸಿಕೊಳ್ಳಬೇಕು, ಇಲ್ಲವೇ ಒಂಟಿಯಾಗಿ ಮೂವರ ಮೇಲೆ ಬೀಳಬೇಕು. ಇನ್ನೊಂದು ವಾರ, ಕುಳಿಯ ಸುತ್ತಲಿನ ನುಣುಪು ಹುಲ್ಲಿಗೆ ಮೊದಲು ಚೆಂಡು ಮುಟ್ಟಿಸಿದವರಿಗೊಂದು, ಕುಳಿಗೆ ಹತ್ತಿರ ನಿಲ್ಲಿಸಿದವರಿಗೊಂದು, ಮೊದಲು ಒಳಗೆ ಹಾಕಿದವರಿಗೊಂದು ಬಟ್ಟೆ ಕ್ಲಿಪ್ಪು. ಗೆದ್ದವರು ಕಾಲರಿನ ತುಂಬ ಕ್ಲಿಪ್ಪು ಸಿಕ್ಕಿಸಿಕೊಂಡು ಬರುತ್ತಾರೆ. ಆ ಕ್ಲಿಪ್ಪುಗಳು ಯಾರ ಮನೆಯ ತಂತಿಯಿಂದ ಹೋಗುತ್ತವೆ ಎಂದು ಬೇರೆ ಹೇಳಬೇಕೇ? ಗಾಳಿಯ ದಿನ ನನ್ನ ಒಗೆದ ಬಟ್ಟೆಗಳು ಪಕ್ಕದ ಮನೆಯ ಅಂಗಳದಲ್ಲಿ ಬಿದ್ದಿರುತ್ತವೆ.

ಇದೆಲ್ಲಕ್ಕಿಂತ ದೊಡ್ಡದು ಹಾವಿನಾಟ. ಇದು ಯಾವ ವಾರವೂ ತಪ್ಪುವುದಿಲ್ಲ. ನುಣುಪು ಹುಲ್ಲಿನ ಮೇಲೆ ಬಂದ ಚೆಂಡನ್ನು ಮೆಲ್ಲಗೆ ತಟ್ಟಿ ಕುಳಿಗೆ ಹಾಕಬೇಕಷ್ಟೆ. ಎರಡು ತಟ್ಟಿನಲ್ಲಿ ಹಾಕಿದರೆ ಸರಿ. ಮೂರು ಬೇಕಾದರೆ ಹಾವು ಅವರ ಕೈಗೆ. ಇನ್ನೊಬ್ಬರು ಮೂರು ತಟ್ಟುವವರೆಗೂ ಅವರೇ ಹೊರಬೇಕು. ಆಟ ಮುಗಿದಾಗ ಹಾವು ಯಾರ ಬಳಿ ಇರುತ್ತದೋ ಅವರು ಅದನ್ನು ಮನೆಗೆ ಒಯ್ದು, ಮುಂದಿನ ಗುರುವಾರದವರೆಗೆ ಊಟದ ಮೇಜಿನ ಮೇಲೆ ಇಟ್ಟುಕೊಳ್ಳಬೇಕು. ಹಾವನ್ನು ಕಡೆದವರು ನಮ್ಮವರೇ. ಸಣ್ಣ ಸಣ್ಣ ಮರದ ಮಣಿಗಳನ್ನು ಕೀಲು ಹಾಕಿ ಜೋಡಿಸಿ, ಮುಟ್ಟಿದರೆ ಹರಿದಾಡುವ ಹಾಗೆ ಮಾಡಿದ್ದಾರೆ. ಕಣ್ಣಿಗೆ ಎರಡು ಕೆಂಪು ಮಣಿ ಬೇರೆ. ಅಷ್ಟು ಚೆನ್ನಾಗಿ ಮಾಡಿದ್ದಕ್ಕೆ ದೇವರು ಅವರಿಗೇ ತಟ್ಟಲು ಬಾರದಂತೆ ಮಾಡಿದ. ತಿಂಗಳಿಗೆ ಎರಡು ಮೂರು ವಾರ ಹಾವಿಗೆ ನಮ್ಮ ಮನೆಯಲ್ಲೇ ಬಿಡಾರ. ಅದನ್ನು ನೋಡಿ ನನ್ನ ನಾದಿನಿ ಕೈಯಲ್ಲಿದ್ದ ಸಾರಿನ ಪಾತ್ರೆ ಬಿಟ್ಟಳು. ಕಿಟಕಿ ಪರದೆಯ ಅಳತೆ ಕೊಡಲು ಬಂದ ಗಿರಾಕಿಯೊಬ್ಬರು ಅಳತೆ ಕೊಡದೆಯೇ ಹೋದರು. ನಾನು ಪರದೆ ಹೊಲಿಯುವವಳು, ಮುಂದಿನ ಕೋಣೆಯಲ್ಲಿ ನನ್ನ ಮಿಷನ್ನು, ಅದರ ಎದುರಿಗೇ ಊಟದ ಮೇಜು. ತೆಗೆದು ಒಳಗಿಡಲು ಅವರು ಬಿಡುವುದಿಲ್ಲ, ನಿಯಮವಂತೆ. ಹಾಗಾಗಿ ಹಾವು ಬಂದ ಕೂಡಲೇ ಅದರ ಮೇಲೊಂದು ಪರದೆ ತುಂಡು ಮುಚ್ಚುವುದನ್ನು ನಾನು ನನ್ನ ನಿಯಮ ಮಾಡಿಕೊಂಡೆ.

ನಾನೂ ಈ ಆಟಕ್ಕೆ ಬಿದ್ದದ್ದು ಡಾಕ್ಟರಮ್ಮನ ದೆಸೆಯಿಂದ. ನನ್ನ ದವಡೆ ಹಲ್ಲಿಗೆ ಸಿಮೆಂಟು ತುಂಬುತ್ತ, ಮಂಗಳವಾರ ಹೆಂಗಸರೆಲ್ಲ ಸೇರಿ ಆಡುತ್ತೇವೆ, ನೀವೂ ಬನ್ನಿ, ಬರುತ್ತೀರಿ ತಾನೇ ಅಂದರು. ಬಾಯಿ ಅಗಲಿಸಿಕೊಂಡು ಕೂತವಳು ಬೇಡ ಅನ್ನುವುದಾದರೂ ಹೇಗೆ? ಹೋದೆ. ನಾಲ್ಕು ವರ್ಷವಾಯಿತು, ಇನ್ನೂ ಹೋಗುತ್ತಿದ್ದೇನೆ. ಹಳದಿ ಬುಗುರಿಯ ನಡುವೆ ಚೆಂಡಿಟ್ಟು, ಮೆಲ್ಲಗೆ ಉಸಿರು ಬಿಟ್ಟು ಹೊಡೆದರೆ, ಅಬ್ಬಾ, ದಿನವೆಲ್ಲ ಬಗ್ಗಿ ಹೊಲಿದ ಬೆನ್ನು ಒಂದೇ ಸಲಕ್ಕೆ ನೆಟ್ಟಗಾದಂತಾಗುತ್ತದೆ. ಗಂಡಸರು ಹೆಂಗಸರು ಎಲ್ಲ ಸೇರಿ ಆಡುವ ಪಂದ್ಯಗಳಲ್ಲೂ ಎಷ್ಟೊಂದು ಬಗೆ. ನಾಲ್ವರೂ ಹೊಡೆದು, ಅದರಲ್ಲಿ ಒಳ್ಳೆಯ ಹೊಡೆತ ಆರಿಸಿ, ಎಲ್ಲರೂ ಅಲ್ಲಿಂದಲೇ ಮುಂದಕ್ಕೆ ಹೊಡೆಯುವುದು ಒಂದು. ನನಗೆ ಹೆಚ್ಚು ಪ್ರೀತಿ ದಾರದ ಪಂದ್ಯ. ಪ್ರತಿಯೊಬ್ಬರಿಗೂ ಇಷ್ಟುದ್ದ ದಾರ ಕೊಡುತ್ತಾರೆ. ಚೆಂಡು ಪೊದೆಗೆ ಬಿದ್ದರೆ ಒಂದು ಗೇಣು ಆಚೆಗೆ ಸರಿಸಿಕೊಂಡು, ಆ ಒಂದು ಗೇಣು ದಾರ ಕತ್ತರಿಸಿ ಕೊಡಬೇಕು. ದಾರವೂ ನನ್ನದೇ, ಕತ್ತರಿಯೂ ನನ್ನದೇ. ನಮ್ಮವರು ಮೂರನೇ ಕುಳಿಗೆಲ್ಲ ದಾರ ಮುಗಿಸಿಕೊಂಡು ನನ್ನ ಮುಖ ನೋಡುತ್ತ ನಿಲ್ಲುತ್ತಾರೆ.

ಇನ್ನು ಐದನೇ ಕುಳಿಯ ವಿಷಯಕ್ಕೆ ಬರುತ್ತೇನೆ, ಕಥೆಯಿರುವುದೇ ಅಲ್ಲಿ. ಅಲ್ಲಿ ಟೀ ಮುಂದೆ ಒಂದು ಕೆರೆ. ನೀಲಿಯಿಂದ ಹೊಡೆದರೆ ಕೆರೆಯ ಪೂರ್ತಿ ಅಗಲ ದಾಟಬೇಕು. ಹಳದಿ ಬುಗುರಿ ಇರುವುದು ಕೆರೆಯೊಳಗೆ ಚಾಚಿದ ದಂಡೆಯ ತುದಿಯಲ್ಲಿ, ಅಲ್ಲಿಂದ ನನ್ನಂಥವಳ ಚೆಂಡೂ ದಾಟುತ್ತದೆ. ಮೂರು ವರ್ಷದ ಹಿಂದೆ ಡ್ರೈವರು, ಭುಜ ಎತ್ತಲಾಗುತ್ತಿಲ್ಲ, ನಾನಿನ್ನು ಹಳದಿಗೆ ಬರುತ್ತೇನಪ್ಪ ಎಂದು ನಗುನಗುತ್ತಲೇ ಮುಂದೆ ಬಂದರು. ನಮ್ಮವರು ಸುಮ್ಮನಿರಬೇಕೋ ಬೇಡವೋ? ಎಲ್ಲರೆದುರು, "ಹಳದಿಗೆ ಹೋಗಿ ನಿಲ್ಲೋದಕ್ಕಿಂತ ಕೋಲಿನ ಬ್ಯಾಗು ಅಟ್ಟಕ್ಕೆ ಹಾಕೋದು ಮೇಲು ಕಣಯ್ಯ" ಎಂದುಬಿಟ್ಟರು. ಡ್ರೈವರು ಬಸ್ಸಿನಲ್ಲಿ ಎಂತೆಂಥ ಮಾತು ಕೇಳಿದವರೋ, ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು. ಹಳದಿಯಿಂದ ಆಡುತ್ತ ಹಾಯಾಗಿದ್ದಾರೆ. ಮಾತು ಹೋಗಿ ಅಂಟಿಕೊಂಡದ್ದು ಆಡಿದವರಿಗೇ.

ಹೋದ ವರ್ಷದಿಂದ ನಮ್ಮವರ ಚೆಂಡು ಕೆರೆ ದಾಟುತ್ತಿರಲಿಲ್ಲ. ಮೊದಮೊದಲು ಗಾಳಿಯ ತಪ್ಪು, ಆಮೇಲೆ ಚೆಂಡಿನ ತಪ್ಪು, ಆಮೇಲೆ ನಾನು ಮಾಡಿಕೊಟ್ಟ ತಿಂಡಿಯದು. ಒಂದಾದ ಮೇಲೊಂದು ನೀರಿಗೆ ಹಾಕಿ, ಕೊನೆಗೆ ಕೋಲು ಹೆಗಲಿಗಿಟ್ಟುಕೊಂಡು, ಬೇರೆಯವರು ಆಡುತ್ತಿದ್ದರೆ ಇವರು ಕೆರೆಯ ಅಂಚಿನಲ್ಲಿ ಸುಮ್ಮನೆ ನಡೆದು ಬರುವುದಂತೆ. ಇದು ನನಗೆ ಗೊತ್ತಾದದ್ದು ಹಾವಿನಿಂದ. ವಾರಗಟ್ಟಲೆ ಹಾವು ಮನೆಗೆ ಬರಲೇ ಇಲ್ಲ. ಅಂತೂ ತಟ್ಟುವುದು ಕಲಿತರಲ್ಲ ಎಂದು ನಾನು ಸಂತೋಷಪಟ್ಟೆ. ಒಂದು ದಿನ ಡ್ರೈವರು ಹಳೇ ಪರದೆ ಸರಿಮಾಡಿಸಲು ಬಂದವರು ಮೆಲ್ಲಗೆ ನಿಜ ಹೇಳಿದರು. ಕಲಿಯುವುದೂ ಇಲ್ಲ, ಬಿಡುವುದೂ ಇಲ್ಲ ತಾಯಿ, ಐದನೆಯದು ಮುಗಿದ ಕೂಡಲೇ ಮೊಣಕಾಲು ನೋವು ಅಂತ ಹೊರಟುಬಿಡುತ್ತಾರೆ, ಕೊನೆಯವರೆಗೆ ಇದ್ದರಲ್ಲವೇ ಹಾವು ಸಿಗುವುದು ಎಂದರು.

ಮುಂದಿನ ಎರಡು ಗುರುವಾರ ಇವರು ಮನೆಯಿಂದ ಹೊರಡಲೇ ಇಲ್ಲ. ಮೊಣಕಾಲು ನೋವೆಂದವರು ಏಣಿ ಹತ್ತಿ ಎಲ್ಲ ಬಾಗಿಲಿನ ಕೀಲಿಗೂ ಎಣ್ಣೆ ಬಿಟ್ಟರು. ನನ್ನ ದಾರದ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸಿಟ್ಟರು, ಬೇಕಾದ್ದು ಒಂದೂ ಸಿಗದ ಹಾಗೆ. ಪರದೆಯ ಅಂಚು ಹೇಗೆ ಮಡಚಬೇಕೆಂದು ನನಗೇ ಹೇಳಿಕೊಟ್ಟರು. ಅದನ್ನೆಲ್ಲ ಹೇಗೋ ಸಹಿಸಿಕೊಂಡೇನು. ಸಹಿಸಲಾಗದ್ದು ಸಂಜೆಯ ಮೌನ. ಗುರುವಾರ ರಾತ್ರಿ ಊಟಕ್ಕೆ ಕೂತರೆ ಬೇಕರಿಯವರು ಹೀಗಂದರು, ಡ್ರೈವರು ಹಾಗೆ ಜಾರಿದರು ಎಂದು ಉಪ್ಪುಖಾರ ಹಚ್ಚಿ ಹೇಳುತ್ತಿದ್ದ ಮನುಷ್ಯ ತುಟಿ ಪಿಟಕ್ಕೆನ್ನದೆ ತಟ್ಟೆ ನೋಡುತ್ತ ಕೂತರು. ಅಂಗಡಿಯನ್ನು ಮಗಳು ನೋಡಿಕೊಳ್ಳುತ್ತಾಳೆ. ಇವರಿಗೆ ಉಳಿದಿರುವುದು ಹಿತ್ತಿಲ ಶೆಡ್ಡಿನ ಹಳೇ ಲೇತು ಮತ್ತು ಆ ಮೂವರು. ಲೇತು ಮಾತಾಡುವುದಿಲ್ಲ. ಇವರು ಆ ಮೂವರನ್ನೂ ಬಿಟ್ಟುಕೊಟ್ಟರೆ ಏನಾಗಿಹೋಗುತ್ತಾರೋ ಎಂದು ನನಗೆ ನಿಜವಾಗಿ ಭಯವಾಯಿತು.

ಅಷ್ಟರಲ್ಲಿ ಜೋಡಿ ಪಂದ್ಯ ಬಂತು. ವರ್ಷಕ್ಕೊಮ್ಮೆ ನಡೆಯುತ್ತದೆ. ಗಂಡ ಹೆಂಡತಿ, ಅಣ್ಣ ತಂಗಿ, ಯಾರಾದರೂ ಸರಿ, ಒಂದು ಗಂಡು ಒಂದು ಹೆಣ್ಣು. ಇಬ್ಬರಿಗೂ ಸೇರಿ ಒಂದೇ ಚೆಂಡು, ಒಬ್ಬರು ಹೊಡೆದ ಮೇಲೆ ಇನ್ನೊಬ್ಬರು. ಗಂಡ ಪೊದೆಗೆ ಹಾಕಿದ್ದನ್ನು ಹೆಂಡತಿ ತೆಗೆಯಬೇಕು, ಹೆಂಡತಿ ಮರಳಿನ ಗುಂಡಿಗೆ ಹಾಕಿದ್ದನ್ನು ಗಂಡ. ಸಂಸಾರ ಒಡೆಯಲು ಇದಕ್ಕಿಂತ ಒಳ್ಳೆ ಉಪಾಯ ಯಾರೂ ಕಂಡುಹಿಡಿದಿಲ್ಲ ಅನ್ನುತ್ತಾರೆ ಡಾಕ್ಟರಮ್ಮ. ನಾನು ಇವರನ್ನು ಒಂದು ಮಾತೂ ಕೇಳದೆ ಇಬ್ಬರ ಹೆಸರೂ ಕೊಟ್ಟು ಬಂದೆ. ಮನೆಯಲ್ಲಿ ಹಾರಾಡಿದರು. ಕೊನೆಗೆ, ಕೆರೆಯ ಕುಳಿ ತನಗೇ ಬಿಡಬೇಕೆಂದು ಹೇಳಿ ಒಪ್ಪಿದರು.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೆಸ ಸಂಖ್ಯೆಯ ಕುಳಿಗಳಲ್ಲಿ ಮೊದಲ ಹೊಡೆತ ಒಬ್ಬರದು, ಸರಿ ಸಂಖ್ಯೆಯವುಗಳಲ್ಲಿ ಇನ್ನೊಬ್ಬರದು. ಶುರುವಿನಲ್ಲೇ ಹಂಚಿಕೊಂಡುಬಿಡಬೇಕು, ನಡುವೆ ಬದಲಿಸುವಂತಿಲ್ಲ. ಕೆರೆ ಇರುವುದು ಐದನೆಯದರಲ್ಲಿ, ಹಾಗಾಗಿ ಬೆಸ ನನ್ನದು ಎಂದು ಇವರು ಎದೆ ಸೆಟೆಸಿ ಹೇಳಿಬಿಟ್ಟರು. ಯಾವ ಬಣ್ಣ ಎಂದು ಕೇಳಿದಾಗ ನಾನು ಹಳದಿ ಎಂದೆ, ಇವರು ನೀಲಿ ಎಂದರು. ವಯಸ್ಸಾದವರು ಹಳದಿ ತೆಗೆದುಕೊಳ್ಳಬಹುದು ಎಂದು ಹೆಸರು ಬರೆದುಕೊಳ್ಳಲು ಮೇಜಿನ ಹಿಂದೆ ಕೂತಿದ್ದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಇವರು ಅವರನ್ನು ನೋಡಿದ ನೋಟಕ್ಕೆ ಪಾಪ ಅವರು ತಲೆ ಬಗ್ಗಿಸಿ ಪೆನ್ನಿನ ಮುಚ್ಚಳ ಹುಡುಕತೊಡಗಿದರು.

ಬೇಕರಿಯವರೂ ಅವರ ತಂಗಿಯೂ ನಮ್ಮ ಜೊತೆ ಹೊರಟರು. ನಾಲ್ಕು ಕುಳಿ ಚೆನ್ನಾಗಿಯೇ ಆಡಿದೆವು. ಐದನೆಯದಕ್ಕೆ ಬಂದೆವು. ಇವರು ನೀಲಿ ಬುಗುರಿಯ ನಡುವೆ ಚೆಂಡಿಟ್ಟು, ಕೆರೆಯನ್ನು ಒಮ್ಮೆ ದುರುಗುಟ್ಟಿ ನೋಡಿ, ಬೀಸಿದರು. ಚೆಂಡು ಮುಕ್ಕಾಲು ಕೆರೆ ದಾಟಿ ಗುಳುಂ ಎಂದಿತು. ದಂಡೆಯ ಹತ್ತಿರದಿಂದ ಮುಂದುವರಿಸಲು ದಾರಿಯಿತ್ತು, ಆದರೆ ಇವರಿಗೆ ಅದು ಬೇಡ, ನೀಲಿಯಿಂದಲೇ ಮತ್ತೆ ಹೊಡೆಯಬೇಕು. ಸರಿ, ಆದರೆ ಈಗ ಹೊಡೆಯಬೇಕಾದವಳು ನಾನು! ಒಬ್ಬರಾದ ಮೇಲೆ ಒಬ್ಬರು ತಾನೇ? ಜನ್ಮದಲ್ಲಿ ನೀಲಿ ಬುಗುರಿಯ ಹತ್ತಿರ ನಿಂತವಳಲ್ಲ ನಾನು. ಅಲ್ಲಿಂದ ನೋಡಿದರೆ ಕೆರೆ ಸಮುದ್ರದಂತೆ ಕಂಡಿತು. ಹೊಡೆದೆ, ಗುಳುಂ. ಆಮೇಲೆ ಅವರದು ಗುಳುಂ, ನನ್ನದು ಗುಳುಂ, ಮತ್ತೆ ಅವರದು ಗುಳುಂ. ಕೊನೆಗೆ ಬೇಕರಿಯವರು ಬಹಳ ಮರ್ಯಾದೆಯಿಂದ, ಒಂದು ಕುಳಿಗೆ ಹತ್ತರ ಮೇಲೆ ಲೆಕ್ಕ ಹಾಕುವುದಿಲ್ಲ, ಹೊಡೆದದ್ದು ಐದು, ನೀರಿಗೆ ಬಿದ್ದದ್ದಕ್ಕೆ ದಂಡ ಐದು, ಹತ್ತು ಆಯಿತು, ಮುಂದೆ ಹೋಗೋಣ ಅಂದರು. ಅವರ ತಂಗಿ ಬೆನ್ನು ತಿರುಗಿಸಿಕೊಂಡು ನಿಂತಿದ್ದಳು, ಭುಜ ಕುಲುಕುತ್ತಿತ್ತು. ನನಗೂ ನಗು ಉಕ್ಕುತ್ತಿತ್ತು. ಇವರ ಮುಖ ನೋಡಿದೆ, ನಗು ಅಲ್ಲೇ ಇಂಗಿತು.

ಕೆರೆಯ ಅಂಚಿನ ದಾರಿಯಲ್ಲಿ ನಾವಿಬ್ಬರೇ ಹಿಂದೆ ಉಳಿದೆವು. ಇವರು ನೆಲ ನೋಡುತ್ತಲೇ ಹೇಳಿದರು.

"ಸಾಕು ಕಣೇ. ಇವತ್ತಿಗೆ ಮುಗೀತು. ಮನೆಗೆ ಹೋದ್ಮೇಲೆ ಬ್ಯಾಗು ಅಟ್ಟಕ್ಕೆ ಹಾಕಿಬಿಡ್ತೀನಿ."

"ಹಾಕಿ. ನನ್ನ ಬ್ಯಾಗೂ ಅದರ ಪಕ್ಕದಲ್ಲೇ ಇಡಿ."

"ನಿಂದ್ಯಾಕೆ?"

ನನಗೆ ಕೋಪ ಮೂಗಿನ ತುದಿಗೆ ಬಂದಿತ್ತು, ಅಳುವೂ ಅದರ ಹಿಂದೆಯೇ ಇತ್ತು. "ನಾಲ್ಕು ವರ್ಷದಿಂದ ನಾನು ಹಳದಿ ಬುಗುರಿ ಹತ್ರಾನೇ ನಿಂತು ಆಡ್ತಿದೀನಿ ರೀ. ನಿಮಗೆ ಅಲ್ಲಿ ನಿಲ್ಲೋದೇ ಅವಮಾನ ಅಂದ್ರೆ, ನಾನು ಇಷ್ಟು ದಿನ ಆಡಿದ್ದೇನು? ಅದು ಆಟ ಅಲ್ವಾ?"

ಅವರು ನಿಂತರು. ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು ಮತ್ತೆ ನಡೆದರು. ನನಗೇ ಪಿಚ್ಚೆನಿಸಿತು, ಇಷ್ಟು ಖಾರವಾಗಿ ಅನ್ನಬಾರದಿತ್ತೇನೋ ಎಂದು. ಆದರೆ ಅಂದದ್ದನ್ನು ವಾಪಸು ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ.

ಆರು, ಏಳು, ಎಂಟು, ಒಂಬತ್ತು ಮುಗಿದವು. ಪಂದ್ಯವೆಂದರೆ ಹದಿನೆಂಟು ಕುಳಿ, ನಮ್ಮಲ್ಲಿರುವುದು ಒಂಬತ್ತು, ಅದನ್ನೇ ಎರಡು ಸುತ್ತು ಹಾಕಬೇಕು. ಮೊದಲನೆಯದು ಹತ್ತನೆಯದಾಗುತ್ತದೆ, ಎರಡನೆಯದು ಹನ್ನೊಂದನೆಯದು. ಹೀಗೆ ಸುತ್ತುತ್ತ ಮತ್ತೆ ಕೆರೆಯ ಟೀ ಮುಟ್ಟಿದೆವು. ಇವರು ಶಿಕ್ಷೆಗೆ ಹೊರಟವರಂತೆ ಚೆಂಡು ಹಿಡಿದು ನೀಲಿ ಬುಗುರಿಯತ್ತ ನಡೆದರು. ಬೇಕರಿಯವರು ಕೆಮ್ಮಿದರು.

"ಮೇಸ್ತ್ರೀ, ಇದು ಹದಿನಾಲ್ಕು. ಸರಿ ಸಂಖ್ಯೆ. ಅಕ್ಕನ ಸರದಿ."

ಇವರು ಬುಗುರಿಯನ್ನು ನೋಡಿದರು, ಬೇಕರಿಯವರನ್ನು ನೋಡಿದರು, ನನ್ನನ್ನು ನೋಡಿದರು. ಗುರುವಾರದ ಆಟ ಯಾವಾಗಲೂ ಒಂದೇ ಸುತ್ತು. ಒಂಬತ್ತಕ್ಕೆ ಮುಗಿಸಿ ಚಹಾ ಕುಡಿಯುವವರಿಗೆ, ಎರಡನೇ ಸುತ್ತಿನಲ್ಲಿ ಅದೇ ಐದು ಹದಿನಾಲ್ಕಾಗುತ್ತದೆ, ಬೆಸ ಹೋಗಿ ಸರಿಯಾಗುತ್ತದೆ ಎಂಬುದು ತಲೆಗೇ ಹೊಳೆದಿರಲಿಲ್ಲ. ಕೆರೆ ನನ್ನದು ಎಂದು ಹಟ ಹಿಡಿದು ಹಂಚಿಕೊಂಡವರು ಅರ್ಧ ಕೆರೆಯನ್ನು ತಾವೇ ನನಗೆ ಬರೆದುಕೊಟ್ಟಿದ್ದರು. ಆಣೆ ಮಾಡಿ ಹೇಳುತ್ತೇನೆ, ನನಗೂ ಆ ಗಳಿಗೆಯವರೆಗೆ ಹೊಳೆದಿರಲಿಲ್ಲ. ಇವರು ಮಾತ್ರ ನಾನು ಬೇಕೆಂದೇ ಮಾಡಿದೆ ಎಂದು ಇವತ್ತಿಗೂ ಹೇಳುತ್ತಾರೆ.

ನಾನು ಮುಂದೆ ನಡೆದು ಹಳದಿ ಬುಗುರಿಯ ನಡುವೆ ಚೆಂಡಿಟ್ಟೆ. ಒಂದು ಬುಗುರಿಯ ತಲೆ ಬಿರುಕು ಬಿಟ್ಟಿತ್ತು, ಇನ್ನೊಂದು ವಾಲಿತ್ತು, ಎಂದಿನಂತೆ. ಇಲ್ಲೂ ನೀರಿಗೆ ಹಾಕಿದರೆ ಈ ಮನುಷ್ಯನ ಬ್ಯಾಗನ್ನು ಅಟ್ಟದಿಂದ ಇಳಿಸಲು ಯಾರಿಂದಲೂ ಆಗದು ಎಂದು ಗೊತ್ತಿತ್ತು. ಉಸಿರು ಬಿಟ್ಟೆ, ಹೊಡೆದೆ. ಚೆಂಡು ಕೆರೆಯ ಮೇಲೆ ಹಾದು ಆಚೆಯ ಹುಲ್ಲಿನ ಮೇಲೆ ಎರಡು ಸಲ ಪುಟಿದು ನಿಂತಿತು.

ಮುಂದಿನದು ಅವರ ಹೊಡೆತ. ಚೆಂಡಿನ ಪಕ್ಕ ಹೋಗಿ ನಿಂತವರು ಕೋಲು ತೆಗೆಯಲೇ ಇಲ್ಲ. ಅಲ್ಲಿಂದ ನೆಲ ಮೆಲ್ಲಗೆ ಇಳಿಯುತ್ತದೆ, ಕೊನೆಯಲ್ಲಿ ಒಂದು ದೊಡ್ಡ ಮರ, ಅದರ ನೆರಳಿನಲ್ಲಿ ದುಂಡನೆಯ ನುಣುಪು ಹುಲ್ಲು, ನಡುವೆ ಬಾವುಟ. ಇಡೀ ಮೈದಾನದಲ್ಲಿ ಅವರಿಗೆ ಇಷ್ಟವಾದ ಹೊಡೆತ ಅದು. ಹಿಂದೆಲ್ಲ ಊಟದ ಮೇಜಿನಲ್ಲಿ ಚಮಚ ಹಿಡಿದು ತೋರಿಸುತ್ತಿದ್ದದ್ದೂ ಅದನ್ನೇ. ಒಂದು ವರ್ಷದಿಂದ ಚೆಂಡುಗಳನ್ನು ನೀರಿಗೆ ಹಾಕಿ ಅಂಚಿನಲ್ಲಿ ನಡೆದು ಹೋಗುತ್ತಿದ್ದವರಿಗೆ ಅದು ಒಮ್ಮೆಯೂ ಸಿಕ್ಕಿರಲಿಲ್ಲ.

"ಎಷ್ಟು ದಿನ ಆಗಿತ್ತೇ ಇಲ್ಲಿ ನಿಂತು" ಅಂದರು. ನನಗೆ ಹೇಳಿದರೋ ಮರಕ್ಕೆ ಹೇಳಿದರೋ ತಿಳಿಯಲಿಲ್ಲ.

ಆಮೇಲೆ ತಮ್ಮ ಹಳೇ ಏಳನೇ ನಂಬರಿನ ಕೋಲು ತೆಗೆದು ಹೊಡೆದರು. ಬಲ ಹಾಕಲಿಲ್ಲ. ಲೇತಿನ ಮೇಲೆ ಉಳಿ ಇಡುವ ಹಾಗೆ ಇಟ್ಟರು, ಅಷ್ಟೇ. ಚೆಂಡು ಎದ್ದು, ಮರದ ಕೊಂಬೆಯ ಪಕ್ಕದಲ್ಲೇ ಇಳಿದು, ಬಾವುಟದ ಹತ್ತಿರ ಹೋಗಿ ಕೂತಿತು. ಬೇಕರಿಯವರು ಕೈಯಲ್ಲಿದ್ದದ್ದನ್ನೆಲ್ಲ ಕೆಳಗಿಟ್ಟು ಚಪ್ಪಾಳೆ ಹೊಡೆದರು. ನಾನು ತಟ್ಟಿದ್ದು ಕುಳಿಯ ಬಾಯಿಗೆ ಹೋಗಿ ನಿಂತಿತು. ಅವರು ಬಂದು ಬೆರಳಿನಲ್ಲಿ ಮುಟ್ಟಿದಂತೆ ಒಳಗೆ ಹಾಕಿದರು. ಐದು ಚೆಂಡು ಮುಳುಗಿದ ಕುಳಿಯಲ್ಲೇ ನಾಲ್ಕು ಹೊಡೆತಕ್ಕೆ ಮುಗಿಸಿದೆವು. ಬಹುಮಾನದ ಹತ್ತಿರಕ್ಕೂ ಸುಳಿಯಲಿಲ್ಲ, ಕೊನೆಯಿಂದ ಮೂರನೆಯವರಾದೆವು. ಮನೆಗೆ ಬರುವ ದಾರಿಯಲ್ಲಿ ಅವರು ಕೆರೆಯ ಸುದ್ದಿ ಎತ್ತಲಿಲ್ಲ, ಬ್ಯಾಗಿನ ಸುದ್ದಿಯನ್ನೂ ಎತ್ತಲಿಲ್ಲ. ಬ್ಯಾಗು ಬಾಗಿಲ ಹಿಂದೆ ನಿಂತಿತು. ಅಟ್ಟಕ್ಕೂ ಹೋಗಲಿಲ್ಲ, ತನ್ನ ಜಾಗಕ್ಕೂ ಹೋಗಲಿಲ್ಲ. ಕೇಳಲು ನನಗೆ ಧೈರ್ಯ ಸಾಲಲಿಲ್ಲ. ದಿನಾ ಬೆಳಿಗ್ಗೆ ಎದ್ದು ಮೊದಲು ಬಾಗಿಲ ಹಿಂದೆ ನೋಡುವುದಾಯಿತು.

ಬುಧವಾರ ಹಿತ್ತಿಲ ಶೆಡ್ಡಿನಿಂದ ಲೇತಿನ ಸದ್ದು ಕೇಳಿತು. ಚಹಾ ಕೊಡುವ ನೆವದಲ್ಲಿ ಹೋದೆ. ತಲೆಯ ಮೇಲೆ, ಹುಬ್ಬಿನ ಮೇಲೆಲ್ಲ ಮರದ ಸಿಪ್ಪೆ. ಬೆಂಚಿನ ಮೇಲೆ ಎರಡು ಹೊಸ ಬುಗುರಿ. ಮರ ನೋಡಿದ ಕೂಡಲೇ ಗುರುತು ಹತ್ತಿತು, ಮಗಳು ದೊಡ್ಡ ಕಟಕಟೆಯೊಂದಕ್ಕೆ ಕೇಳಿದರೂ ಕೊಡದೆ ಬಚ್ಚಿಟ್ಟುಕೊಂಡಿದ್ದ ತುಂಡು ಅದು. ಪಕ್ಕದಲ್ಲಿ ಹಳದಿ ಬಣ್ಣದ ಡಬ್ಬಿ ತೆರೆದಿತ್ತು. ನಾನು ನೋಡಿದ್ದನ್ನು ಅವರು ನೋಡಿದರು.

"ಹಳೇದು ಬಿರುಕು ಬಿಟ್ಟಿತ್ತಲ್ಲ" ಅಂದರು, ಬ್ರಶ್ಶು ಎತ್ತಿಕೊಳ್ಳುತ್ತ. "ಆಗ ಸರಿಯಾದ ಮರ ಹಾಕಿರಲಿಲ್ಲ ನಾನು."

ಹೂಂ ಅಂದೆ. ಚಹಾ ಲೋಟವನ್ನು ಬುಗುರಿಗಳ ಪಕ್ಕದಲ್ಲಿಟ್ಟು ಬಂದೆ.

ಗುರುವಾರ ಊಟವಾದ ಮೇಲೆ ಬ್ಯಾಗು ಹೆಗಲಿಗೆ ಹಾಕಿಕೊಂಡು, ಬುಗುರಿಗಳನ್ನು ಚೀಲದಲ್ಲಿಟ್ಟುಕೊಂಡು ಹೊರಟರು. ಹಾಗೆಂದು ನನಗೆ ನೆಮ್ಮದಿಯಾಯಿತು ಅಂದುಕೊಳ್ಳಬೇಡಿ. ಬುಗುರಿ ನೆಡುವುದು ಬೇರೆ, ನಾಲ್ಕು ಜನರ ಮುಂದೆ, ಅದರಲ್ಲೂ ಡ್ರೈವರ ಮುಂದೆ, ಅದರ ನಡುವೆ ಹೋಗಿ ನಿಲ್ಲುವುದು ಬೇರೆ. ಐದನೆಯದರಲ್ಲಿ ಬಿಟ್ಟು ಹೊರಟರೆ ಸಂಜೆಯ ರೈಲು ಹೋಗುವುದಕ್ಕೆ ಮುಂಚೆ ಮನೆಯಲ್ಲಿರುತ್ತಾರೆ, ಇದು ನನಗೆ ಗೊತ್ತು. ಮಿಷನ್ನಿನ ಮುಂದೆ ಕೂತೆ. ಕಿವಿಯೆಲ್ಲ ಗೇಟಿನ ಮೇಲೆ. ಒಂದು ಪರದೆಯ ಅಂಚನ್ನು ತಿರುಗಾಮುರುಗಾ ಹೊಲಿದು ಬಿಚ್ಚಿದೆ, ಮತ್ತೆ ಹಾಗೇ ಹೊಲಿದೆ. ಗೇಟು ಸದ್ದಾಯಿತು, ಎದ್ದು ಓಡಿದರೆ ತಿಂಗಳ ದುಡ್ಡು ಕೇಳಲು ಬಂದ ಪೇಪರಿನವನು. ರೈಲು ಬಂತು, ಕಿಟಕಿ ಗಾಜು ನಡುಗಿತು, ರೈಲು ಹೋಯಿತು. ಅವರು ಬರಲಿಲ್ಲ. ಆ ಸದ್ದು ದೂರವಾಗುತ್ತಿದ್ದಂತೆ ನನ್ನ ಹೊಟ್ಟೆಯೊಳಗೆ ತಣ್ಣಗೆ ಹಾಲು ಹೊಯ್ದಂತಾಯಿತು. ಮಿಷನ್ನು ನಿಲ್ಲಿಸಿ ಸುಮ್ಮನೆ ಕೂತುಬಿಟ್ಟೆ.

ದೀಪ ಹಚ್ಚುವ ಹೊತ್ತಿಗೆ ಗೇಟು ತೆರೆಯಿತು. ಬೀದಿಯಿಂದಲೇ ಡ್ರೈವರ ನಗು, ಇವರ ಬೈಗುಳ ಕೇಳಿಸುತ್ತಿತ್ತು. ಒಳಗೆ ಬಂದವರು ಬ್ಯಾಗನ್ನು ಅದರ ಹಳೇ ಜಾಗದಲ್ಲಿ, ಕೊಡೆಯ ಪಕ್ಕ ನಿಲ್ಲಿಸಿದರು. ಜೇಬಿಗೆ ಕೈ ಹಾಕಿದರು. ಮಣಿಗಳು ಕಟಕಟ ಅನ್ನುತ್ತ ಒಂದೊಂದಾಗಿ ಊಟದ ಮೇಜಿನ ಮೇಲೆ ಇಳಿದವು, ಕೊನೆಗೆ ಆ ಕೆಂಪು ಕಣ್ಣಿನ ತಲೆ.

"ಕೆರೆ ಏನೋ ದಾಟಿದೆ ಕಣೇ, ಹಳದಿಯಿಂದ" ಅಂದರು. "ಕೊನೇ ಕುಳೀಲಿ ಮೂರು ತಟ್ಟಿಬಿಟ್ಟೆ. ಆ ಡ್ರೈವರು ಕುಣಿದಾಡಿಬಿಟ್ಟ."

ನಾನು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟು ಬಂದೆ. ತಟ್ಟೆಗಳನ್ನು ಆಚೀಚೆ ಸರಿಸಿ ಮೇಜಿನ ನಡುವೆ ಹಾವಿಗೆ ಜಾಗ ಮಾಡಿದೆ. ಅವರು ಆಗಲೇ ಕುರ್ಚಿ ಎಳೆದುಕೊಂಡು, ಚಮಚವನ್ನು ಎರಡೂ ಕೈಯಲ್ಲಿ ಹಿಡಿದು, ಆ ಮರದ ಪಕ್ಕದ ಹೊಡೆತ ಹೇಗೆ ಹೋಯಿತೆಂದು ಶುರುಮಾಡಿದ್ದರು. ಪರದೆಯ ತುಂಡು ಮಿಷನ್ನಿನ ಮೇಲೆಯೇ ಇತ್ತು. ಅವತ್ತು ನಾನು ಹಾವಿನ ಮೇಲೆ ಅದನ್ನು ಮುಚ್ಚಲಿಲ್ಲ.